ಪುಟ್ಟರಾಜುವಿನ ಮೀಸೆಗೆ ಬೇವಿನ ಗೂಟ

ತಿ. ನರಸೀಪುರದ ಪುಟ್ಟರಾಜು ಕೈಯಿಟ್ಟರೆ ಸತ್ತ ಇಂಜಿನ್ನೂ ಎದ್ದು ಕೂತು ಕಾಫಿ ಕೇಳುತ್ತದೆ. ಹೋದ ವರ್ಷ ಹೊಳೆದಂಡೆಯಲ್ಲಿ ಅವನು ರಿಪೇರಿ ಮಾಡಿದ ಪಂಪ್‌ಸೆಟ್ಟು ನೀರು ಉಗುಳಿದ ರಭಸಕ್ಕೆ ಕಪಿಲೆ ಮೂರು ದಿನ ಹಿಂದಕ್ಕೆ ಹರಿದಳು. ನಂಜನಗೂಡಿನವರು ಒಮ್ಮೆ ಮಿಂದ ನೀರಿನಲ್ಲೇ ಮತ್ತೆ ಮಿಂದರು. ಅವನ ಮೀಸೆಯೂ ಹಾಗೆಯೇ. ಒಂದೊಂದು ಕಡೆಗೆ ನಾಲ್ಕು ಕಾಗೆ ಆರಾಮಾಗಿ ಕೂರಬಹುದು.

ಅಂಥವನ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ದೋಣಿಯ ಚಿಕ್ಕಮಾದು ಹೆಗಲ ಮೇಲಿಂದ ಒಂದು ಇಂಜಿನ್ ಇಳಿಸಿದ. ದೋಣಿಯ ಹಿಂಬದಿಗೆ ಸಿಕ್ಕಿಸುವಂಥದ್ದು. ಚಿಕ್ಕಮಾದುಗಿಂತ ಅದಕ್ಕೇ ವಯಸ್ಸಾಗಿತ್ತು.

"ನಾಕು ಗಂಟೆಗೆ ಅಸ್ಥಿ ಬಿಡೋಕೆ ನಂಜನಗೂಡಿಂದ ಜನ ಬತ್ತಾವ್ರೆ ಕಣ್ಲಾ. ಇಂಜಿನ್ ಬೋಟು ಅಂತ ಮಾತ್ ಕೊಟ್ಬುಟ್ಟಿವ್ನಿ. ನಾಕೂವರೆಗೆ ರಾಹುಕಾಲ. ಅಷ್ಟ್ರೊಳಗೆ ಸಂಗಮಕ್ಕೆ ಓಗಿ ವಾಪಸ್ ಬರ್ಬೇಕು. ಆಯ್ತದಾ?"

"ಆಗ್ನಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕತೀನಿ, ಓಗ್ಲಾ!"

ಬೀದಿಯೆಲ್ಲ ಕೇಳಿಸಿಕೊಂಡಿತು. ಮಾತೇನೋ ಆಡಿಬಿಟ್ಟ. ಪಂಪ್‌ಸೆಟ್ ಬಿಟ್ಟರೆ ಬೇರೆ ಇಂಜಿನ್ನಿನ ಹೊಟ್ಟೆ ಅವನು ಬಿಚ್ಚಿದವನಲ್ಲ.

ಪ್ಲಗ್ ಉಜ್ಜಿದ. ಹೆಂಡತಿ ರೋಜಾಳ ಸಾರಿನ ಬೋಸಿಯಲ್ಲೇ ಪೆಟ್ರೋಲ್ ಸುರಿದು ಕಾರ್ಬುರೇಟರ್ ತೊಳೆದ.

"ನಾಳಿಂದ ಸಾರ್ಗೆ ಒಗ್ಗರಣೆ ಬ್ಯಾಡ, ಬೆಂಕಿಕಡ್ಡಿ ಗೀರುದ್ರೆ ಸಾಕು," ಎಂದಳು ರೋಜಾ.

ಮೂರು ಗಂಟೆಗೆ ನೀರಿನ ಡ್ರಮ್ಮಿಗೆ ಇಂಜಿನ್ ಇಳಿಬಿಟ್ಟು ಹಗ್ಗ ಎಳೆದ. ಇಪ್ಪತ್ತು ಸಲ ಎಳೆದರೂ ಅದು ಕೆಮ್ಮಿತೇ ಹೊರತು ಮಾತಾಡಲಿಲ್ಲ. ಇಪ್ಪತ್ತೊಂದನೆಯ ಸಲ ಗುಡುಗಿತು! ಡ್ರಮ್ಮಿನಿಂದ ಎಗರಿದ ನೀರಲ್ಲಿ ಅರ್ಧ ರೋಜಾಳ ಮೇಲೆ, ಇನ್ನರ್ಧ ಕಾಂಪೌಂಡಿನಾಚೆ ಇಣುಕುತ್ತಿದ್ದ ಶಿವಮಲ್ಲಪ್ಪ ಮೇಷ್ಟ್ರ ಮೇಲೆ.

ಮೇಷ್ಟ್ರು ಕನ್ನಡಕ ಒರೆಸಿ ಕೂಗಿದರು. "ಲೋ ಪುಟ್ರಾಜು, ಹಿಂದ್ಗಡೆ ಸಣ್ ತೂತಲ್ಲಿ ನೀರ್ ಚಿಮ್ತಾದಲ್ಲೋ! ಲೀಕು ಕಣೋ!"

ಇಪ್ಪತ್ತು ವರ್ಷ ಪಂಪ್‌ಸೆಟ್ಟುಗಳ ಸೋರಿಕೆ ನಿಲ್ಲಿಸಿಯೇ ಅನ್ನ ತಿಂದವನು ಪುಟ್ಟರಾಜು. ಸೋರುವ ನೀರು ಕಂಡರೆ ಅವನಿಗೆ ಕಳ್ಳನನ್ನು ಕಂಡಂತೆ. ಬೇವಿನ ಕಡ್ಡಿ ಚೂಪು ಮಾಡಿ, ತೂತಿಗಿಟ್ಟು, ಸುತ್ತಿಗೆಯಲ್ಲಿ ಮೂರೇಟು ಬಿಟ್ಟ. ಒಂದು ಹನಿಯೂ ಬರಲಿಲ್ಲ.

ನಾಲ್ಕು ಗಂಟೆಗೆ ದೋಣಿ ಹೊರಟಿತು. ಮುಂದೆ ನಂಜನಗೂಡಿನಿಂದ ಬಂದ, ಅಪ್ಪನ ಅಸ್ಥಿಯ ಕುಡಿಕೆ ತಬ್ಬಿಕೊಂಡ ಮಗ, ನಡುವೆ ಚಿಕ್ಕಮಾದು, ಹಿಂದೆ ಮೀಸೆ ತಿರುವುತ್ತ ಪುಟ್ಟರಾಜು. ಕಪಿಲೆ ಕಾವೇರಿಗೆ ಬೀಳುವಲ್ಲಿ, ತಾಳೆಮರದಷ್ಟು ಆಳದ ನೀರಲ್ಲಿ, ಇಂಜಿನ್ನಿನಿಂದ ಹೊಗೆ ಎದ್ದಿತು. ಮುಟ್ಟಿದರೆ ರೊಟ್ಟಿ ಹೆಂಚು. ಗಕ್ಕನೆ ನಿಂತಿತು. ದೋಣಿ ಬುಗುರಿಯಂತೆ ತಿರುಗತೊಡಗಿತು.

"ಆ ತೂತಲ್ಲಿ ನೀರು ಬರ್ತಿರ್ಲಿಲ್ವಾ?" ಇಂಜಿನ್ನಿನ ಹಿಂಬದಿಗೆ ಬೆರಳು ತೋರಿಸಿ ಮಗ ಕೇಳಿದ.

"ಬತ್ತಿತ್ತು ಸಾ. ನಾನೇ ಗೂಟ ಒಡ್ದು ನಿಲ್ಲಿಸ್ದೆ."

"ಅಯ್ಯೋ ಪುಣ್ಯಾತ್ಮ! ಇಂಜಿನ್ ತಣ್ಣಗೆ ಮಾಡಿದ ನೀರು ಹೊರಗೆ ಬರೋ ದಾರಿ ಕಣ್ರೀ ಅದು!"

ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಚಿಕ್ಕಮಾದುವಿನ ಕಣ್ಣು ನದಿಯ ಮೇಲಿರಲಿಲ್ಲ, ಮೀಸೆಯ ಮೇಲಿತ್ತು. ಪುಟ್ಟರಾಜು ತಡಮಾಡಲಿಲ್ಲ. ಹೊಳೆಗೆ ಧುಮುಕಿದ. ದೋಣಿಯ ಹಗ್ಗವನ್ನು ಮೀಸೆಗೆ ಕಟ್ಟಿಕೊಂಡ. ಎದುರು ಬಂದ ಎರಡು ಮೊಸಳೆಗಳನ್ನು ಒದ್ದ. ಒಂದೇ ಉಸಿರಿನಲ್ಲಿ ಈಜಿ, ಅಸ್ಥಿ ಬಿಡಿಸಿ, ರಾಹುಕಾಲಕ್ಕೆ ಸರಿಯಾಗಿ ಒಂದು ನಿಮಿಷ ಮುಂಚೆ ದೋಣಿಯನ್ನು ದಡಕ್ಕೆ...

"ಸಾಕು ನಿಲ್ಸು ಪುಟ್ರಾಜಣ್ಣ," ಎಂದ ಕ್ಷೌರದಂಗಡಿಯ ರವಿಕುಮಾರ್, ಕತ್ತಿ ಮಸೆಯುತ್ತ. "ನೀನು ಬಾಯಿ ಮುಚ್ಚುದ್ರೆ ತಾನೆ ಮೀಸೆ ತೆಗೆಯೋದು? ಬಾಗ್ಲಲ್ಲಿ ಚಿಕ್ಕಮಾದಣ್ಣ ಕಾಯ್ತಾವ್ನೆ."

ಸಿಕ್ಕಿಬಿದ್ದೆ. ಹೌದು, ಆ ಪುಟ್ಟರಾಜು ನಾನೇ. ಸೋಪಿನ ನೊರೆಯೊಳಗಿಂದ ನಿಜ ಒಪ್ಪಿಕೊಂಡೆ. ಇಂಜಿನ್ ನಿಂತದ್ದು ದಡದಿಂದ ಹತ್ತು ಮಾರು ದೂರದಲ್ಲಿ, ಮಂಡಿಮಟ್ಟ ನೀರಲ್ಲಿ. ಆ ಮಗ ಪಂಚೆ ಎತ್ತಿ ಕಟ್ಟಿ, ನನ್ನನ್ನೂ ಸೇರಿಸಿ ದೋಣಿಯನ್ನು ತಳ್ಳಿಕೊಂಡು ಬಂದ. ಆಮೇಲೆ ಯಾರದೋ ತೆಪ್ಪದಲ್ಲಿ ಹೋಗಿ, ರಾಹುಕಾಲಕ್ಕೆ ಮುಂಚೆಯೇ ಅಸ್ಥಿ ಬಿಟ್ಟು ವಾಪಸಾದ. ಮೇಷ್ಟ್ರು ಲೀಕು ಅಂದಿರಲೂ ಇಲ್ಲ. "ಅದು ಬರ್ಲಿ ಬಿಡೋ" ಅಂದಿದ್ದರು. ಲೀಕು ಅಂದವನು ನಾನು.

ರವಿಕುಮಾರ್ ಕತ್ತಿ ಎತ್ತಿ ನಿಂತ. "ಮತ್ತೆ ಆ ಪಂಪ್‌ಸೆಟ್ಟು? ಕಪಿಲೆ ಹಿಂದಕ್ಕೆ ಹರ್ದಿದ್ದು?"

"ಅದೂ ಸ್ಟಾರ್ಟ್ ಆಗ್ನಿಲ್ಲ ಕಣ್ಲಾ. ತೆಗಿ ಮೀಸೇನ."