ಇಪ್ಪತ್ತೊಂದನೆಯ ಕಲಿಕಾರ್ಥಿ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದೆ. ಕೊಳ್ಳೇಗಾಲದ ಒಂದು ಸಣ್ಣ ಸಂಸ್ಥೆಯವರು ಬಂದು ನನ್ನನ್ನು ವಯಸ್ಕರ ಶಿಕ್ಷಣದ ಸಂಯೋಜಕನನ್ನಾಗಿ ಮಾಡಿಕೊಂಡರು. ಹೆಂಡತಿ ಪ್ರೇಮಾ ಆ ಸಂಸ್ಥೆಗೆ ಇವತ್ತಿಗೂ ಕೃತಜ್ಞಳಾಗಿದ್ದಾಳೆ.

ನಮ್ಮ ತರಗತಿ ನಡೆಯುತ್ತಿದ್ದದ್ದು ಕಾಮಗೆರೆಯಲ್ಲಿ. ಇಪ್ಪತ್ತು ಜನ ಹೆಂಗಸರು. ಹೊಲದ ಕೆಲಸ ಮುಗಿಸಿ, ಮುಖ ತೊಳೆದುಕೊಂಡು, ಸಂಜೆ ಐದಕ್ಕೆ ಬಂದು ಕೂರುತ್ತಿದ್ದರು. ಪಾಠ ಹೇಳುತ್ತಿದ್ದವಳು ಕವಿತಾ ಎಂಬ ಅದೇ ಊರಿನ ಹುಡುಗಿ. ನನ್ನ ಕೆಲಸ ಮೇಲ್ವಿಚಾರಣೆ. ಅಂದರೆ ವಾರಕ್ಕೊಮ್ಮೆ ಹೋಗಿ ಬಾಗಿಲಲ್ಲಿ ನಿಂತು ತಲೆಯಾಡಿಸಿ ಬರುವುದು.

ಕಲಿಯುವವರ ಮಾಹಿತಿಯನ್ನು ವೆಬ್‌ಸೈಟಿಗೆ ತುಂಬಲು ಆಫೀಸಿನಲ್ಲಿ ಒಬ್ಬಳು ಆಪರೇಟರ್ ಇದ್ದಳು. ಅವಳು ಬೇರೆ ಕೆಲಸ ಸಿಕ್ಕಿತೆಂದು ಬಿಟ್ಟುಹೋದಳು. ಹೊಸಬರು ಸಿಗುವವರೆಗೆ ಏನು ಮಾಡುವುದೆಂದು ಕಾರ್ಯದರ್ಶಿಗಳು ಚಿಂತಿಸುತ್ತಿದ್ದಾಗ ನಾನು ಹೇಳಿದೆ: "ಅದರಲ್ಲೇನಿದೆ? ಓದೋಕೆ ಬರೆಯೋಕೆ ಬಂದರೆ ಸಾಕಲ್ಲ."

ಇಪ್ಪತ್ತು ಹೆಂಗಸರ ವಿವರ ತುಂಬುವ ಮೊದಲು, ಫಾರಂ ಹೇಗಿದೆ ಎಂದು ತಿಳಿಯಲು ನನ್ನದೇ ವಿವರ ತುಂಬಿ ನೋಡಿದೆ. ಹೆಸರು, ವಯಸ್ಸು, ಫೋಟೋ. ಫೋನ್ ನಂಬರಿನ ಜಾಗದಲ್ಲಿ ನನ್ನದನ್ನು ಹಾಕಿದರೆ ಅದು ಆಗಲೇ ಸಂಯೋಜಕನದು ಎಂದು ತಕರಾರು ತೆಗೆಯಿತು. ಪ್ರೇಮಾಳ ನಂಬರ್ ಕೊಟ್ಟೆ. ವೃತ್ತಿಯ ಪಟ್ಟಿಯಲ್ಲಿ ಮೊದಲು ಕಂಡದ್ದು ಕೃಷಿ ಕಾರ್ಮಿಕ. ಇರಲಿ ಎಂದುಕೊಂಡೆ. ವಿದ್ಯಾಭ್ಯಾಸದಲ್ಲಿ 'ಅನಕ್ಷರಸ್ಥ' ಎನ್ನುವುದೊಂದನ್ನೇ ಅದು ಒಪ್ಪಿಕೊಂಡಿತು. ಅದೂ ಇರಲಿ. ಕೊನೆಗೆ ಅಳಿಸುವ ಗುಂಡಿ ಹುಡುಕಿದೆ. ಕಾಣಲಿಲ್ಲ. ಇದ್ದದ್ದು ಒಂದೇ ಗುಂಡಿ. ಒತ್ತಿದೆ.

'ಅಭಿನಂದನೆಗಳು. ನೀವು ಕಲಿಕಾರ್ಥಿಯಾಗಿ ದಾಖಲಾಗಿದ್ದೀರಿ.'

ಆಮೇಲೆ ಇಪ್ಪತ್ತು ಹೆಂಗಸರನ್ನೂ ಸೇರಿಸಿದೆ. ನನ್ನ ಹೆಸರು ಪಟ್ಟಿಯ ತುದಿಗೆ ಸರಿದು ಇಪ್ಪತ್ತೊಂದನೆಯದಾಗಿ ಕೂತಿತು.

ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ತಾಳ್ಮೆಯಿಂದ, ದಾಖಲಾದವರನ್ನು ತೆಗೆಯಬೇಕಾದರೆ ಕಾರಣ ಕೊಡಬೇಕು ಎಂದಳು. ಕಾರಣಗಳು ಮೂರೇ ಇದ್ದವು: ಮರಣ, ವಲಸೆ, ವಿವಾಹ. ಮರಣಕ್ಕೆ ಪ್ರಮಾಣಪತ್ರ ಕೇಳಿತು. ವಲಸೆಗೆ ಹೋದ ಊರಿನ ವಿಳಾಸ ಕೇಳಿತು. ವಿವಾಹ ಮಾತ್ರ ಏನನ್ನೂ ಕೇಳಲಿಲ್ಲ. ಅದನ್ನೇ ಆರಿಸಿದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಪ್ರೇಮಾ ಫೋನನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡುತ್ತಿದ್ದಳು.

"ಏನ್ರೀ, ನಿಮ್ಗೆ ಮದ್ವೆ ಆಯ್ತಂತೆ."

"ಯಾರು ಹೇಳಿದ್ದು?"

"ಮೆಸೇಜ್ ಬಂದದೆ. ನಿಮ್ಮ ಕುಟುಂಬದ ಕಲಿಕಾರ್ಥಿ ಮದ್ವೆ ಆಗಿ ತರಗತಿ ಬುಡ್ತಾವ್ರೆ, ಏಳು ದಿನದಲ್ಲಿ ಮದ್ವೆ ನೋಂದಣಿ ಪತ್ರ ಕೊಡಿ ಅಂತ."

"ಅದು ಡೇಟಾ ತಪ್ಪು ಕಣೆ."

"ಎಣ್ಣು ಯಾವೂರ್ದು ಅಂತ್ಲೂ ಬರ್ದಿಲ್ಲ. ಕಾಮಗೆರೆದಾ, ಅನೂರ್ದಾ?"

ಪೂರ್ತಿ ವಿವರಿಸಿದೆ. ಅವಳು ಕೇಳಿಸಿಕೊಂಡು ತಟ್ಟೆಗೆ ಮುದ್ದೆ ಹಾಕಿದಳು. "ಮದ್ವೆ ಆಗಿದ್ರೇ ಚೆನ್ನಾಗಿತ್ತು, ಅದಾದ್ರೂ ಅರ್ಥ ಆಯ್ತಿತ್ತು" ಎಂದಳು.

ಬೇರೆ ದಾರಿ ಕಾಣದೆ ನಮ್ಮದೇ ಮದುವೆಯ ಪತ್ರ ಹಾಕಿಬಿಡೋಣವೆಂದರೆ, ನಾವು ನೋಂದಣಿ ಮಾಡಿಸಿಯೇ ಇರಲಿಲ್ಲ. ಏಳು ದಿನ ಕಳೆಯಿತು. ನಾನು ಮತ್ತೆ ಕಲಿಕಾರ್ಥಿಯಾದೆ.

ಮೂರು ತಾಲ್ಲೂಕಿನ ಮಾಹಿತಿ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಯಳಂದೂರಿನಲ್ಲಿ ಸಿಗುತ್ತಾರೆ ಎಂದು ಆಫೀಸಿನಲ್ಲಿ ಹೇಳಿದರು. ಬಸ್ ಹತ್ತಿ ಹೋದೆ. ಅವರು ಅವತ್ತು ಹನೂರಿನಲ್ಲಿದ್ದರು. ಮಾರನೆಯ ದಿನ ಹನೂರಿಗೆ ಹೋದೆ. ಅವರು ಯಳಂದೂರಿಗೆ ಹೋಗಿದ್ದರು. ಮೂರನೆಯ ದಿನ ಎಲ್ಲಿಗೂ ಹೋಗದೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲೇ ಕೂತೆ. ಅಲ್ಲಿ ಸಿಕ್ಕಿದರು. ಎರಡು ಬ್ಯಾಗು, ಒಂದು ಲ್ಯಾಪ್‌ಟಾಪು ಹೊತ್ತು ನನಗಿಂತ ಹೆಚ್ಚು ದಣಿದಿದ್ದರು.

"ನಾನು ನೋಡ್ಬೋದು ಸಾ, ತಿದ್ದಕಾಗಲ್ಲ" ಎಂದರು. "ದಾಖಲಾತಿ ಮುಚ್ಚೋಯ್ತು. ಈಗ ಒಬ್ರು ಪರೀಕ್ಷೆ ಪಾಸಾಗ್ದೇ ಇದ್ರೂ ತಂಡ ಅಪೂರ್ಣ ಅಂತ ತೋರುಸ್ತದೆ. ಅನುದಾನದ ಕೊನೆ ಕಂತು ನಿಂತೋಯ್ತದೆ."

ಆ ಕೊನೆಯ ಕಂತಿನಲ್ಲೇ ಕವಿತಾಳ ಗೌರವಧನ ಇತ್ತು.

"ಹಾಗಾದರೆ ಏನು ಮಾಡಲಿ?"

"ತಪ್ಪಾಗದೆ ಅಂತ ಒಂದು ಅರ್ಜಿ ಕೊಟ್ಟಿರಿ. ಅದು ಮೇಲಕ್ಕೆ ಓಗಿ ಬರೋ ಅಷ್ಟೊತ್ತಿಗೆ ಪರೀಕ್ಷೆ ಮುಗುದೋಗಿರ್ತದೆ. ನೀವೇ ಕೂತ್ಕಂಡು ಬರ್ದುಬುಡಿ. ಕನ್ನಡ ಮೇಷ್ಟ್ರು, ನಿಮ್ಗೇನು ಕಷ್ಟ?"

ಹಾಗೆಂದಾಗ ನನಗೂ ಹೌದೆನ್ನಿಸಿತು.

ಪರೀಕ್ಷೆಗೆ ಕೂರಲು ಹಾಜರಾತಿ ಬೇಕು. ಹಾಜರಾತಿಗೆ ದಿನಾ ಮುಖದ ಫೋಟೋ ಬೇಕು. ಹೀಗಾಗಿ ಒಂದೂವರೆ ತಿಂಗಳು ನಾನು ಸಂಜೆ ಬಸ್ ಹಿಡಿದು ಕಾಮಗೆರೆಗೆ ಹೋಗಿ ಚಾಪೆಯ ಮೇಲೆ ಕೂತೆ. ಪಕ್ಕದಲ್ಲಿ ಪುಟ್ಟಮಾದಮ್ಮ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸ ಖಾಲಿಯಿತ್ತು. ಓದು ಬರಹ ಬರುತ್ತದೆಂಬ ಪತ್ರವಿದ್ದರೆ ಅದು ತನಗೆ ಸಿಗುತ್ತದೆಂದು ಆಕೆ ಪಟ್ಟು ಹಿಡಿದು ಕಲಿಯುತ್ತಿದ್ದಳು. ನನ್ನನ್ನು ಕಂಡು ಮೊದಲ ದಿನ ಸಂಕೋಚಪಟ್ಟಳು. ಎರಡನೆಯ ವಾರಕ್ಕೆ, "ವಸಿ ಅತ್ಲಾಗಿ ಸರ್ಕಳಿ ಸಾ, ಬೆಳಕು ಬೀಳಲ್ಲ" ಎನ್ನುವಷ್ಟು ಸಲಿಗೆ ಬಂತು.

ಒಮ್ಮೆ ಕವಿತಾ ಒತ್ತಕ್ಷರ ಹೇಳಿಕೊಡುವಾಗ ನಾನು ಕೂತಲ್ಲಿಂದಲೇ ತಿದ್ದಿದೆ. ಅವಳು ನಯವಾಗಿ ಹೇಳಿದಳು: "ಸಾ, ಏನಾರ ಕೇಳ್ಬೇಕು ಅಂದ್ರೆ ಕೈ ಎತ್ತಿ."

ಎತ್ತಿದೆ.

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ನಡೆಯಿತು. ಹೆಂಗಸರು ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ನಾನು ಎಲ್ಲರಿಗೂ ಧೈರ್ಯ ಹೇಳಿದೆ. ಪ್ರಶ್ನೆಗಳನ್ನು ನೋಡಿದರೆ ನಗು ಬರುವಂತಿತ್ತು. ನಿಮ್ಮ ಹೆಸರು ಬರೆಯಿರಿ. ಚಿತ್ರ ನೋಡಿ ಹೆಸರಿಸಿ. ಗಡಿಯಾರದಲ್ಲಿ ಗಂಟೆ ಎಷ್ಟು? ಹಸು, ಕೊಡೆ, ಎತ್ತಿನಗಾಡಿ ಎಂದು ಮುತ್ತು ಪೋಣಿಸಿದ ಹಾಗೆ ಬರೆದೆ. ಒಂದೊಂದರ ಕೆಳಗೂ ಗೆರೆ ಎಳೆದೆ. ಹದಿನೈದು ನಿಮಿಷಕ್ಕೆ ಎದ್ದು ನಿಂತೆ.

ಹೊರಗಿನಿಂದ ಬಂದಿದ್ದ ಮೇಲ್ವಿಚಾರಕಿ, "ಪೂರ್ತಿ ಬರುದ್ರಾ ಯಜಮಾನ್ರೇ? ಇನ್ನೊಂದ್ಸಲ ನೋಡಿ" ಎಂದರು. ನಾನು ಎಂಥವನು ಎಂದು ಹೇಳಬೇಕೆನ್ನಿಸಿತು. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ನಾನು ಅನಕ್ಷರಸ್ಥ ಕೃಷಿ ಕಾರ್ಮಿಕ. ನಕ್ಕು, ಕೈ ಮುಗಿದು ಹೊರಗೆ ಬಂದೆ. ಎದುರಿನ ಅಂಗಡಿಯಲ್ಲಿ ಟೀ ಕುಡಿದೆ. ಇನ್ನೊಂದು ಕುಡಿದೆ. ಈ ಹೆಂಗಸರು ಒಳಗೆ ಇಷ್ಟು ಹೊತ್ತು ಏನು ಬರೆಯುತ್ತಿದ್ದಾರೆ, ಪಾಪ, ಎಂದು ಕನಿಕರಪಟ್ಟೆ.

ಎರಡು ಗಂಟೆ ಕಳೆದ ಮೇಲೆ ಪುಟ್ಟಮಾದಮ್ಮ ಬೆರಳು ನೀವಿಕೊಳ್ಳುತ್ತಾ ಬಂದಳು.

"ಸಾ, ಆ ಬ್ಯಾಂಕಿನ ಚೀಟಿ ತುಂಬೋದು ಎಂಗ್ ಬರುದ್ರಿ? ನಾನು ಐನೂರು ಅನ್ನೋದ್ನ ಅಕ್ಷರದಲ್ಲಿ ಬರುದ್ಬುಟ್ಟಿ. ಸರಿಯಾ?"

"ಯಾವ ಚೀಟಿ?"

"ಅದೇ ಸಾ, ಇಂದುಗಡೆ ಇತ್ತಲ್ಲ."

"ಹಿಂದುಗಡೆನಾ?"

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೆಲ ನೋಡಿದಳು. "ಆಳೆ ತಿರುಗುಸ್ನಿಲ್ವಾ ಸಾ?" ಎಂದು ಬಹಳ ಮೆಲ್ಲಗೆ ಕೇಳಿದಳು.

ಒಳಗೆ ಓಡಿದೆ. ಉತ್ತರ ಪತ್ರಿಕೆಗಳ ಕಟ್ಟಿಗೆ ಆಗಲೇ ದಾರ ಬಿಗಿದಾಗಿತ್ತು.

ಫಲಿತಾಂಶ ಪ್ರೇಮಾಳ ಫೋನಿಗೆ ಬಂತು. ಅವಳು ಅದನ್ನು ಗಟ್ಟಿಯಾಗಿ ಓದಿ, ಯಾಕೋ ಮರುಕ ಬಂದು, ಅವತ್ತು ಪಾಯಸ ಮಾಡಿದಳು. ಇಪ್ಪತ್ತು ಹೆಂಗಸರೂ ತೇರ್ಗಡೆ. ನನ್ನ ಹೆಸರಿನ ಮುಂದೆ 'ಸುಧಾರಣೆ ಅಗತ್ಯ' ಎಂದಿತ್ತು.

ಹೆಂಗಸರ ಪ್ರಮಾಣಪತ್ರಗಳಿಗೆ ತೊಂದರೆಯಾಗಲಿಲ್ಲ. ಪುಟ್ಟಮಾದಮ್ಮನಿಗೆ ಅಡುಗೆಮನೆಯ ಕೆಲಸ ಸಿಕ್ಕಿತು. ತಂಡ ಮಾತ್ರ ಅಪೂರ್ಣವಾಯಿತು, ಕಂತು ನಿಂತಿತು. ನಾನು ಕವಿತಾಳ ಮನೆಗೆ ಹೋಗಿ, ನಿನಗೆ ಬರಬೇಕಾದದ್ದನ್ನು ನನ್ನ ಪೆನ್ಶನ್ನಿನಲ್ಲಿ ಕೊಡುತ್ತೇನಮ್ಮ ಎಂದೆ. ಅವಳು ಕಾಫಿ ಕೊಟ್ಟು ಹೇಳಿದಳು: "ಅದೆಲ್ಲ ಬ್ಯಾಡಿ ಸಾ. ಮುಂದಿನ ಪರೀಕ್ಷೇಲಿ ಪಾಸಾಗ್ಬುಡಿ, ಸಾಕು." ನನ್ನ ವಿದ್ಯಾರ್ಥಿಗಳಿಗೆ ನಾನು ಎಂದೂ ಇಷ್ಟು ಮೃದುವಾಗಿ ಹೇಳಿದ ನೆನಪಿಲ್ಲ.

ಈಗ ಮತ್ತೆ ಸಂಜೆಯ ಬಸ್ ಹಿಡಿಯುತ್ತಿದ್ದೇನೆ. ಮಾಹಿತಿ ತುಂಬುವ ಕೆಲಸವನ್ನು ಕಾರ್ಯದರ್ಶಿಗಳು ಕವಿತಾಳಿಗೇ ವಹಿಸಿದ್ದಾರೆ. ಎರಡನೆಯ ಸಲ ಕೂರುವವರ ಬಗ್ಗೆ ಶಿಕ್ಷಕರ ಅಭಿಪ್ರಾಯವನ್ನೂ ವೆಬ್‌ಸೈಟ್ ಕೇಳುತ್ತದಂತೆ. ಮೊನ್ನೆ ಅವಳು ತುಂಬುವಾಗ ಇಣುಕಿ ನೋಡಿದೆ. 'ಆಸಕ್ತಿ ಇದೆ. ಗಮನ ಕಡಿಮೆ. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ' ಎಂದು ಬರೆದಿದ್ದಳು.

ತಿದ್ದಿಸೋಣವೆಂದು ಬಾಯಿ ತೆರೆದೆ. ಆಮೇಲೆ ಹೋಗಿ ಚಾಪೆಯ ಮೇಲೆ ಕೂತೆ. ಆ ವೆಬ್‌ಸೈಟಿನಲ್ಲಿ ನನ್ನ ಬಗ್ಗೆ ಇರುವ ಮಾಹಿತಿಯಲ್ಲಿ ಸರಿಯಾಗಿರುವುದು ಅದೊಂದೇ.