ಜೀರುಂಡೆಯ ಹೊಟ್ಟೆಯೊಳಗೆ

ಎಲ್ಲ ಅನಾಹುತಕ್ಕೂ ಮೂಲ ಒಂದು ನುಸಿಗುಳಿಗೆ.

ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ ಹಂಗಾಮಿ ಸಹಾಯಕನಾಗಿ ದುಡಿದೂ ದುಡಿದೂ ಪಾಪ ಅವನ ತಲೆಗೂದಲು ಅರ್ಧ ಉದುರಿತ್ತು. ಕೀಟ ವರ್ಗೀಕರಣದ ಪತ್ರಿಕೆಯಲ್ಲಿ ಹೊಸ ಜಾತಿಯೊಂದರ ಬಗ್ಗೆ ಲೇಖನ ಬರೆದರೆ ಕೆಲಸ ಕಾಯಂ ಎಂದಿದ್ದರು ನಿರ್ದೇಶಕರು. ದೇವರು ದೊಡ್ಡವನು, ಬಚ್ಚಲಿನ ಕಿಟಕಿಯಲ್ಲೇ ಯಾರೂ ಕಂಡಿರದ ಹಸಿರು ಜೀರುಂಡೆ ಸಿಕ್ಕಿತು. ಸಹೋದ್ಯೋಗಿಗಳ ಕಣ್ಣಿಗೆ ಬೀಳದಿರಲೆಂದು ಅದನ್ನು ಸೂಜಿಗೆ ಚುಚ್ಚಿ ಡಬ್ಬದಲ್ಲಿಟ್ಟು ಮನೆಯಲ್ಲೇ ಅಡಗಿಸಿದ್ದ. ಅದನ್ನು ಕಣ್ಣಾರೆ ನೋಡಬೇಕೆಂದು ಪತ್ರಿಕೆಯ ಸಂಪಾದಕರು ಇವತ್ತು ಕರೆದಿದ್ದರು.

ಬೆಳಿಗ್ಗೆ ಡಬ್ಬ ತೆರೆದರೆ ಎರಡು ಕಾಲು ಉದುರಿ ಬಿದ್ದಿವೆ!

"ಹುಳ ಬೀಳದಿರಲಿ ಅಂತ ಇದರಲ್ಲಿಟ್ಟಿದ್ದ ನುಸಿಗುಳಿಗೆ ಎಲ್ಲೇ?"

"ಅಯ್ಯೋ, ಅದರ ನಾತಕ್ಕೆ ತಲೆ ಸಿಡೀತಿತ್ತು ರೀ. ಕೆಳಗಿನ ಮನೆ ಅಜ್ಜಿ ಕೇಳಿದ್ರು, ಕಂಬಳಿಗೆ ಅಂತ ಕೊಟ್ಬಿಟ್ಟೆ" ಎಂದಳು ಹೆಂಡತಿ. "ಎರಡು ತಿಂಗಳಾಯ್ತು!"

ಅವನ ಕೂಗಾಟ ಕೇಳಿ ಅಜ್ಜಿಯೇ ಮೆಟ್ಟಿಲೇರಿ ಬಂದರು. "ಅಳ್ಬೇಡ ಕಣಪ್ಪಾ. ನಮ್ಮ ಅಳಿಯ ಗಡಿಯಾರ ರಿಪೇರಿಯೋನು. ಮುಳ್ಳು ಕೂರಿಸೋನಿಗೆ ಕಾಲು ಕೂರಿಸೋದು ಯಾವ ಮಹಾ?"

ಅಳಿಯ ಬಂದ, ಒಂದು ಚುಕ್ಕೆ ಅಂಟಿನಲ್ಲಿ ಎರಡೂ ಕಾಲು ಕೂರಿಸಿಯೇಬಿಟ್ಟ. ಸಹಾಯಕ ಡಬ್ಬವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಓಡಿದ.

ಸಂಪಾದಕರು ಭೂತಗನ್ನಡಿ ಹಿಡಿದು ಹುಬ್ಬೇರಿಸಿದರು. "ಏನ್ರೀ, ಒಂದು ಕಾಲು ಹಿಂದುಮುಂದಾಗಿದೆ?"

"ಹೊಸ ಜಾತಿ ಅಲ್ವಾ ಸಾರ್..."

"ಅದಿರ್ಲಿ. ಹೊಟ್ಟೆಯೊಳಗೆ ಓಡಾಡ್ತಿರೋದು ಯಾರು?"

ಅವರು ಮುಟ್ಟಿದ್ದೇ ತಡ, ಜೀರುಂಡೆ ಪುಡಿಪುಡಿಯಾಯಿತು. ಒಳಗಿನಿಂದ ಎಳ್ಳಿನಷ್ಟು ಸಣ್ಣ ಕಂದು ಹುಳವೊಂದು, ಹೊಟ್ಟೆತುಂಬ ಉಂಡವರ ಗತ್ತಿನಲ್ಲಿ, ನಿಧಾನಕ್ಕೆ ಹೊರಬಂತು. ನನ್ನ ಕಥೆ ಮುಗಿಯಿತು ಎಂದು ಸಹಾಯಕ ತಲೆಯ ಮೇಲೆ ಕೈ ಹೊತ್ತು ಕೂತ. ಸಂಪಾದಕರು ಮಾತ್ರ ಕುರ್ಚಿಯಿಂದ ಚಂಗನೆ ಎದ್ದರು.

"ರೀ! ಇಂಥದ್ದನ್ನ ನಾನು ನೋಡೇ ಇಲ್ಲ! ಇದೇ ಹೊಸ ಜಾತಿ!"

"ಹಾಗಾದ್ರೆ ಇದರ ಮೇಲೇ ಬರೀತೀನಿ ಸಾರ್!"

"ನೀವು ಬರೆದ್ರೆ ಹುಳಕ್ಕೆ ನಿಮ್ಮ ಹೆಸರು ಇಡೋಕಾಗಲ್ಲ. ತನ್ನ ಹೆಸರು ತಾನೇ ಇಟ್ಕೊಳ್ಳೋದು ನಮ್ಮಲ್ಲಿ ಮರ್ಯಾದೆ ಅಲ್ಲ. ನಾನು ಬರೆದು ನಿಮ್ಮ ಹೆಸರಿಡ್ತೀನಿ. ಈ ಹುಳ ಇರೋವರೆಗೂ ನೀವು ಇರ್ತೀರಿ!"

ಸಹಾಯಕನಿಗೆ ಕಣ್ಣು ತುಂಬಿ ಬಂತು. ಹೂಂ ಎಂದುಬಿಟ್ಟ. ಕೆಲಸ ಕಾಯಂ ಮಾಡಬೇಕಿದ್ದ ಲೇಖನ ಕೈಜಾರಿತೆಂದು ಹೊಳೆದದ್ದು ಬೀದಿಗೆ ಬಂದ ಮೇಲೆ. ಅಷ್ಟರಲ್ಲಿ, ಸಂಪಾದಕರಿಂದ ಸುದ್ದಿ ತಿಳಿದ ನಿರ್ದೇಶಕರ ಫೋನ್ ಬಂತು.

"ಸಂಗ್ರಹಾಲಯ ತಿನ್ನೋ ಹುಳಕ್ಕೆ ನಿಮ್ಮ ಹೆಸರಂತೆ? ಭೇಷ್! ನಾಳೆಯಿಂದ ಒಂದೊಂದೇ ಬೀರು ತೆಗೆದು, ನಿಮ್ಮ ವಂಶದವರು ಇನ್ನೆಷ್ಟು ಜನ ಇದ್ದಾರೋ ನೋಡಿ. ಅದೇ ಸಂಬಳ!"

ಒಂದು ಕ್ಷಣ ಸಹಾಯಕನ ಮುಖ ಸಣ್ಣದಾಯಿತು. ಆಮೇಲೆ ಅರಳಿತು. ಇಷ್ಟು ವರ್ಷ ಯಾರೂ ಬಾಗಿಲು ತೆಗೆಯದ ಬೀರುಗಳು! ಒಂದಾದರೂ ಹೊಸ ಹುಳ ಸಿಗದೇ ಹೋದೀತೇ? ಸಿಳ್ಳೆ ಹಾಕುತ್ತ ಮನೆ ಸೇರಿದ.

ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಕಾಯಂ ಆಯ್ತೇನ್ರೀ?"

"ಆಯ್ತು ಕಣೇ, ಹೆಸರು ಕಾಯಂ ಆಯ್ತು" ಎಂದ. "ನಾನಿನ್ನೂ ಹಂಗಾಮಿ."