ಶಾಲೆಯ ಬೆಂಚಿನ ಮೇಲೆ ಕೂತು ಶಾಲೆಯ ಚರ್ಚೆ

ಬಹಳ ಹಿಂದೆ, ಅಂದರೆ ತಾವು ಇವತ್ತಿನ ಪತ್ರಿಕೆಯ ಮಡಿಕೆ ಬಿಡಿಸುವುದಕ್ಕೂ ತುಸು ಮುಂಚೆ, ಚರ್ಚಾವತಿ ಎಂಬೊಂದು ರಾಜ್ಯವಿತ್ತು. ಅದನ್ನು ಉಭಯಸಮ್ಮತ ಮಹಾರಾಜರು ಆಳುತ್ತಿದ್ದರು. ಪ್ರಭುಗಳಿಗೆ ಚರ್ಚೆಯೆಂದರೆ ಪ್ರಾಣ. ಇಬ್ಬರು ಕಿತ್ತಾಡಿದರೆ ಇಬ್ಬರಿಗೂ "ಭೇಷ್" ಎಂದು ಶಾಲು ಹೊದಿಸಿ ಕಳಿಸುತ್ತಿದ್ದರು.

ಆ ರಾಜ್ಯದಲ್ಲೊಂದು ಪದ್ಧತಿಯಿತ್ತು. ಯಾವುದರ ಬಗ್ಗೆ ಚರ್ಚೆಯೋ, ಚರ್ಚಾ ಚಪ್ಪರಕ್ಕೆ ಬೇಕಾದ ಸಾಮಾನೂ ಅಲ್ಲಿಂದಲೇ ಬರಬೇಕು. ಹಿಂದೊಮ್ಮೆ ಊರ ಕೆರೆಯನ್ನು ಉಳಿಸಬೇಕೋ ಬೇಡವೋ ಎಂಬ ಚರ್ಚೆ ಏರ್ಪಟ್ಟಾಗ, ಭಾಷಣಕಾರರ ಬಾಯಾರಿಕೆಗೆ, ಅತಿಥಿಗಳ ಸ್ನಾನಕ್ಕೆ, ಚಪ್ಪರದ ಮುಂದಿನ ಕಾರಂಜಿಗೆ ಅದೇ ಕೆರೆಯ ನೀರು ಬಂತು. ಚರ್ಚೆ ಮುಗಿಯುವ ಹೊತ್ತಿಗೆ ಕೆರೆಯಿರಲಿಲ್ಲ. ಹೀಗಾಗಿ ಭಿನ್ನಾಭಿಪ್ರಾಯವೂ ಇರಲಿಲ್ಲ. ಈಗ ಅಲ್ಲಿ ಸೈಟುಗಳಿವೆ.

ಇಂತಿರಲು ಒಂದು ದಿನ ವಿದ್ಯಾಮಂತ್ರಿ ಅನುದಾನಸೇನರು ರಾಜಸಭೆಯಲ್ಲಿ ಎದ್ದುನಿಂತರು. ಇವರ ಖಾಸಾ ಭಾವಮೈದ ಲಾಭದತ್ತ ಪೇಟೆಯಲ್ಲಿ 'ಸ್ವರ್ಣಹಂಸ ಗ್ಲೋಬಲ್ ಗುರುಕುಲ' ಎಂಬ ಶಾಲೆ ಕಟ್ಟಿಸುತ್ತಿದ್ದ. ಗೇಟು ಬಂದಿತ್ತು, ಗೇಟಿನ ಮೇಲೆ ಹಂಸವೂ ಬಂದು ಕೂತಿತ್ತು. ಮಕ್ಕಳು ಕೂರುವುದಕ್ಕೆ ಬೆಂಚು ಮಾತ್ರ ಬಂದಿರಲಿಲ್ಲ.

"ಪ್ರಭೋ, ಖಾಸಗಿ ಶಾಲೆಗಳಿಗೆ ಬೊಕ್ಕಸದಿಂದ ಅನುದಾನ ಕೊಡಬೇಕೆಂದು ಪ್ರಜೆಗಳು ಹಂಬಲಿಸುತ್ತಿದ್ದಾರೆ."

"ಯಾವ ಪ್ರಜೆಗಳು?"

"ಸದ್ಯಕ್ಕೆ ನನ್ನ ಭಾವಮೈದ. ಉಳಿದವರಿಗೆ ಅರಿವು ಮೂಡಿಸಬೇಕಾಗಿದೆ."

"ಭೇಷ್! ಹಾಗಿದ್ದರೆ ಚರ್ಚೆಯಾಗಲಿ," ಎಂದರು ಮಹಾರಾಜರು.

ಮರುದಿನ ಕೋಟೆ ಬಾಗಿಲ ಪಕ್ಕದ ಸರ್ಕಾರಿ ಶಾಲೆಗೆ ರಾಜಭಟರು ನುಗ್ಗಿದರು. ತಿಪ್ಪೇಸ್ವಾಮಿ ಮೇಷ್ಟ್ರು ಎರಡನೇ ಕ್ಲಾಸಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದರು. ಸಭಿಕರು ಕೂರಲೆಂದು ಭಟರು ಬೆಂಚು ಹೊತ್ತರು. ಉದ್ದುದ್ದ ಭಾಷಣ ನಿಲ್ಲಿಸಲು ಬೇಕೆಂದು ಗಂಟೆ ಬಿಚ್ಚಿದರು. ನೆರಳಿಗೆಂದು ಚಾವಣಿಯ ಶೀಟುಗಳನ್ನೂ ಇಳಿಸಿದರು. ಕೊನೆಗೆ, ಮಾತಾಡುವವರಿಗೆ ಟೋಕನ್ ಹಂಚುವುದಕ್ಕೆ ಮೇಷ್ಟ್ರನ್ನೇ ಹೊರಡಿಸಿದರು. ಪಾಪ, ಅವರು ಜನಗಣತಿ, ದನಗಣತಿ, ಎಲೆಕ್ಷನ್ ಡ್ಯೂಟಿ ಎಲ್ಲ ಮುಗಿಸಿಕೊಂಡು ಪಾಠಕ್ಕೆಂದು ಆಗಷ್ಟೇ ಬಂದಿದ್ದರು.

ಶಾಲೆಯೆದುರು ಮಂಡಕ್ಕಿ ಮಾರುವ ಸಣ್ಣೀರಮ್ಮ ಇದನ್ನು ಕಂಡು ಓಡಿಬಂದಳು. ಅವಳ ಮಗಳು ಮಾದೇವಿ ಓದುತ್ತಿದ್ದದ್ದು ಅಲ್ಲೇ. ತನ್ನ ವಂಶದಲ್ಲಿ ಅಕ್ಷರ ಕೂಡಿಸಿ ಓದಿದವರು ಯಾರೂ ಇಲ್ಲ, ಇವಳಾದರೂ ಓದಲಿ ಎಂಬುದೊಂದೇ ಆ ತಾಯಿಯ ಆಸೆ.

"ಮೇಷ್ಟ್ರೇ, ಬೆಂಚೆಲ್ಲ ಹೊತ್ಕೊಂಡು ಹೋಗ್ತಾವ್ರಲ್ಲ, ನಮ್ ಮಾದೇವಿ ಎಲ್ಲಿ ಕೂತ್ಕೊಂಡು ಓದ್ಬೇಕು?"

"ಚರ್ಚೆ ಮುಗಿದ್ಮೇಲೆ ವಾಪಸ್ ತಂದಿಡ್ತಾರಂತೆ ಕಣಮ್ಮ."

"ಕೆರೆ ನೀರ್ಗೂ ಹಂಗೇ ಅಂದಿದ್ರು," ಎಂದಳು ಸಣ್ಣೀರಮ್ಮ.

ಚರ್ಚೆಯಂತೂ ಅಮೋಘವಾಗಿ ನಡೆಯಿತು. ಅನುದಾನದ ಪರದವರು ಗುಣಮಟ್ಟ, ಪೈಪೋಟಿ, ವಿಷನ್ ಎಂದರು. ವಿರೋಧದವರು ಸಮಾನತೆ, ಸಂವಿಧಾನ, ಹಕ್ಕು ಎಂದು ಕಣ್ಣೀರು ತಂದುಕೊಂಡರು. ನಡುವೆ ಬೆಂಚು ತೀರಾ ಗಟ್ಟಿಯಾಗಿದೆಯೆಂದು ದಿಂಬು ತರಿಸಿಕೊಂಡರು. ಎರಡೂ ಕಡೆಯವರ ಮಕ್ಕಳು ಓದುತ್ತಿದ್ದದ್ದು ಪರದೇಶದಲ್ಲಾದ್ದರಿಂದ ಯಾರಿಗೂ ಸ್ವಾರ್ಥವಿರಲಿಲ್ಲ. ಮಹಾರಾಜರು ಎಲ್ಲರಿಗೂ ತಲೆದೂಗಿ, ರಸವತ್ತಾಗಿದೆಯೆಂದು ಚರ್ಚೆಯನ್ನು ತಿಂಗಳಿಂದ ತಿಂಗಳಿಗೆ ಮುಂದುವರಿಸಿದರು. ಅತ್ತ ಮಾದೇವಿ ಅಮ್ಮನ ಪಕ್ಕ ಕೂತು ಮಂಡಕ್ಕಿ ಪೊಟ್ಟಣ ಕಟ್ಟತೊಡಗಿದಳು. ಮೊದಮೊದಲು ಪೊಟ್ಟಣದ ಕಾಗದದ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಿದ್ದಳು, ಆಮೇಲೆ ತಡವರಿಸಿದಳು, ಆಮೇಲೆ ಸುಮ್ಮನೆ ಕಟ್ಟಿದಳು. ಇದನ್ನು ನೋಡಿದ ತಾಯಿ ಮಂಡಕ್ಕಿ ಪುಟ್ಟಿ ಬದಿಗಿಟ್ಟು ಎದ್ದಳು. ನೇರ ಚಪ್ಪರಕ್ಕೆ ಹೋಗಿ ಟೋಕನ್ ಕೇಳಿದಳು.

ತಿಪ್ಪೇಸ್ವಾಮಿ ಮೇಷ್ಟ್ರು ತಲೆಯೆತ್ತದೆ ಕೇಳಿದರು: "ಪರವೋ, ವಿರೋಧವೋ?"

"ಮಗಳ ಪರ."

"ಅಂಥದ್ದೊಂದು ಕಾಲಂ ಇಲ್ವಲ್ಲಮ್ಮ."

ಸಣ್ಣೀರಮ್ಮ ಟೋಕನ್ನಿಗೆ ಕಾಯದೆ ಅಲ್ಲೇ ಸೆರಗು ಸಿಕ್ಕಿಸಿ ನಿಂತಳು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಂಗಾಯ್ತು ನಿಮ್ ಚರ್ಚೆ! ಕೊಡೋದಾದ್ರೆ ಕೊಡ್ರಪ್ಪ, ಬಿಡೋದಾದ್ರೆ ಬಿಡ್ರಪ್ಪ. ಮೊದ್ಲು ಮೇಲಕ್ಕೆದ್ದು ನಮ್ ಮಕ್ಕಳ ಬೆಂಚು ಕೊಡಿ!"

ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಯಾರೂ ಮೇಲಕ್ಕೇಳಲಿಲ್ಲ. ಮಹಾರಾಜರು "ಭೇಷ್, ನೆಲದ ದನಿ!" ಎಂದು ಅವಳಿಗೂ ಒಂದು ಶಾಲು ಹೊದಿಸಿದರು.

ಕಡೆಗೆ ತೀರ್ಮಾನಕ್ಕೆ ಮುಂಚೆ ಸ್ಥಳ ಪರಿಶೀಲನೆಯಾಗಲಿ ಎಂದಾಯಿತು. ಮಹಾರಾಜರು ಸಪರಿವಾರರಾಗಿ ಸರ್ಕಾರಿ ಶಾಲೆಗೆ ಚಿತ್ತೈಸಿದರು. ಚಾವಣಿಯಿಲ್ಲ, ಬೆಂಚಿಲ್ಲ, ಗಂಟೆಯಿಲ್ಲ, ಮೇಷ್ಟ್ರಿಲ್ಲ. ಒಂದು ಆಡು ಮಾತ್ರ ಹಾಜರಿತ್ತು.

"ನೋಡಿದಿರಾ ಪ್ರಭೋ, ಸರ್ಕಾರಿ ಶಾಲೆಯ ಗುಣಮಟ್ಟ!" ಎಂದರು ಅನುದಾನಸೇನರು.

ಪ್ರಭುಗಳ ಕಣ್ಣು ತುಂಬಿತು. ವಿರೋಧದವರೂ ಅಯ್ಯೋ ಎಂದು ತಲೆಯಾಡಿಸಿದರು. ಅಲ್ಲೇ ರಾಜಾಜ್ಞೆ ಹೊರಟಿತು: ಸ್ವರ್ಣಹಂಸಕ್ಕೆ ಅನುದಾನ; ಅದನ್ನು ಹೊಂದಿಸಲು ಮನೆಮನೆಗೆ ವಿದ್ಯಾತೆರಿಗೆ; ಚಪ್ಪರದ ಸಾಮಾನು ಪೋಲಾಗಬಾರದಾದ್ದರಿಂದ ಅದೂ ಸ್ವರ್ಣಹಂಸಕ್ಕೆ. ಮಹಾರಾಜರಿಗೆ ಲಾಭದತ್ತ 'ವಿದ್ಯಾಕಲ್ಪತರು' ಎಂಬ ಬಿರುದು ಕೊಟ್ಟು, ಹಂಸದ ಗರಿ ಸಿಕ್ಕಿಸಿದ ಹೊಸ ಕಿರೀಟ ತೊಡಿಸಿದ. ತೆರಿಗೆಯ ಮೊದಲ ಕಂತು ಆ ಕಿರೀಟಕ್ಕೇ ಹೋಯಿತು.

ಸಣ್ಣೀರಮ್ಮ ತೆರಿಗೆ ಕಟ್ಟಿದಳು. ಆಮೇಲೆ ಮಗಳ ಕೈಹಿಡಿದು ಗುರುಕುಲಕ್ಕೆ ಹೋದಳು.

"ಫೀಸು ಬೇರೆ, ಬೆಂಚಿನ ಬಾಡಿಗೆ ಬೇರೆ," ಎಂದ ಲಾಭದತ್ತ.

"ಅರಮನೆಯಿಂದ ದುಡ್ಡು ಬಂತಲ್ಲ ಸ್ವಾಮಿ?"

"ಅದು ಗೇಟಿಗೆ ಸರಿಹೋಯ್ತು."

ಅಷ್ಟರಲ್ಲಿ ಮಾದೇವಿ ಒಳಗೆ ಓಡಿ ಒಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. "ಅವ್ವಾ, ಇದು ನಮ್ದೇ ಬೆಂಚು! ನಾನೇ ಮೊಳೇಲಿ ಕೆತ್ತಿದ್ದು, ನನ್ ಹೆಸ್ರು ಐತೆ ನೋಡು!"

ಲಾಭದತ್ತ ಬಗ್ಗಿ ನೋಡಿದ. ಹೆಸರು ಇತ್ತು. "ಸದ್ಯ, ನೀನಾಗೇ ಒಪ್ಕೊಂಡೆ," ಎಂದ. "ಗುರುಕುಲದ ಆಸ್ತಿ ಹಾಳುಮಾಡಿದ್ದಕ್ಕೆ ದಂಡಾನೂ ಕಟ್ಟಿ ಹೋಗಿ."

ಸಣ್ಣೀರಮ್ಮ ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಹೊರಗೆ ಗಂಟೆ ಹೊಡೆಯಿತು. ಮಾದೇವಿ ಕಿವಿ ನಿಮಿರಿಸಿದಳು.

"ಅವ್ವಾ, ಈ ಗಂಟೇನೂ ನಮ್ದೇ ಅಲ್ವಾ?"

"ಸುಮ್ಕಿರು ಮಗಾ," ಎಂದು ಸಣ್ಣೀರಮ್ಮ ಅವಳ ಬಾಯಿ ಮುಚ್ಚಿದಳು. "ಕೇಳಿಸ್ಕೊಂಡಿದ್ದಕ್ಕೂ ಕಾಸು ಕೇಳ್ಬಿಟ್ಟಾರು."